ನೌಬಾದಿನಲ್ಲಿ ಮಗಳ ಮೊದಲ ವರ್ಷ

ಬೀದರಕ್ಕೆ ಬಂದವರು ಕೋಟೆ, ಮಹಮೂದ್ ಗವಾನನ ಮದರಸಾ, ಗುರುನಾನಕ ಝೀರಾ, ನರಸಿಂಹ ಝರಣಿ ನೋಡಿಕೊಂಡು ಸಂಜೆಯ ಬಸ್ಸಿಗೋ ರೈಲಿಗೋ ಹೊರಟುಬಿಡುತ್ತಾರೆ. ನೌಬಾದಿಗೆ ಯಾರೂ ಬರುವುದಿಲ್ಲ. ಬರಬೇಕಾದ ಕಾರಣವೂ ಮೇಲ್ನೋಟಕ್ಕೆ ಕಾಣುವುದಿಲ್ಲ. ಒಂದು ಕಾಲಕ್ಕೆ ಊರ ಹೊರಗಿದ್ದು, ಈಗ ನಗರದೊಳಗೇ ಕರಗಿಹೋದ ಜಾಗ ಇದು. ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಹೊಸ ಪ್ಲಾಟುಗಳಿಗೆ ನೆಟ್ಟ ಕಲ್ಲುಗಳು, ಕೆಂಪು ಮಣ್ಣು, ನೆತ್ತಿಯ ಮೇಲೆ ವಾಯುಪಡೆಯ ತರಬೇತಿ ವಿಮಾನಗಳ ಸದ್ದು, ಇಷ್ಟೇ.

ನೋಡುವಂಥದ್ದು ಇರುವುದು ನೆಲದ ಕೆಳಗೆ. ಬಹಮನಿ ಸುಲ್ತಾನರು 15ನೇ ಶತಮಾನದಲ್ಲಿ ಕಲಬುರ್ಗಿಯಿಂದ ಬೀದರಕ್ಕೆ ರಾಜಧಾನಿ ತಂದಾಗ ಇರಾನಿನ ಮಾದರಿಯಲ್ಲಿ ತೋಡಿಸಿದ ಕರೇಜ್, ಅಂದರೆ ಸುರಂಗ ಬಾವಿ, ನೌಬಾದಿನ ಅಡಿಯಲ್ಲಿ ಹಾದುಹೋಗುತ್ತದೆ. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ. ನಡುನಡುವೆ ಗಾಳಿ ಬೆಳಕಿಗೆಂದು, ಹೂಳು ಎತ್ತಲೆಂದು ಬಾವಿಯಂಥ ಕಿಂಡಿಗಳು. ಪಂಪಿಲ್ಲ, ರಾಟೆಯಿಲ್ಲ, ಸುರಂಗದ ಇಳಿಜಾರೇ ನೀರನ್ನು ಊರಿನತ್ತ ನಡೆಸಿಕೊಂಡು ಹೋಗುತ್ತದೆ. ಕಳೆದ ದಶಕದಲ್ಲಿ ಜಿಲ್ಲಾಡಳಿತ ಹೂಳು ತೆಗೆಸಿದ ಮೇಲೆ ಹೊರಗಿನವರಿಗೂ ಇದರ ಹೆಸರು ಗೊತ್ತಾಯಿತು.

ಈ ಲೇಖನ ಸುರಂಗ ಬಾವಿಯ ಬಗ್ಗೆ ಅಲ್ಲ. 2023ರ ಜೂನಿನಲ್ಲಿ ಐದು ವರ್ಷದ ಮಗಳೊಬ್ಬಳು ನಮ್ಮ ಮನೆಗೆ ಬಂದಳು. ಅವಳೊಂದಿಗೆ ಈ ಊರಿನಲ್ಲಿ ಕಳೆದ ಒಂದು ವರ್ಷದ ಬಗ್ಗೆ. ಆದರೆ ಆ ವರ್ಷದ ಕಥೆಯಲ್ಲಿ ಸುರಂಗ ಬಾವಿಯೂ ಬರುತ್ತದೆ, ವಿಮಾನವೂ ಬರುತ್ತದೆ, ಭಾಲ್ಕಿಯ ಹೊಲವೂ ಔರಾದದ ಜಾತ್ರೆಯೂ ಬರುತ್ತವೆ. ಮಗು ಬೆಳೆಯುವುದು ಮನೆಯೊಳಗೆ ಮಾತ್ರ ಅಲ್ಲವಲ್ಲ.

ಕೊಟ್ಟದ್ದು, ಪಡೆದದ್ದು

ದತ್ತ ಎಂದರೆ ಕೊಟ್ಟದ್ದು. ಶಬ್ದ ಹಳೆಯದು, ಪದ್ಧತಿಯೂ ಹಳೆಯದು. ಆದರೆ ಹಿಂದಿನ ದತ್ತಕವೆಲ್ಲ ಗಂಡುಮಗುವಿಗಾಗಿ, ಆಸ್ತಿಗಾಗಿ, ಪಿಂಡಕ್ಕಾಗಿ, ಸಿಂಹಾಸನಕ್ಕಾಗಿ. 1824ರಲ್ಲಿ ಕಿತ್ತೂರಿನ ಶಿವಲಿಂಗಪ್ಪನ ದತ್ತಕವನ್ನು ಕಂಪನಿ ಸರಕಾರ ಒಪ್ಪದ್ದರಿಂದಲೇ ರಾಣಿ ಚೆನ್ನಮ್ಮ ಕತ್ತಿ ಹಿಡಿಯಬೇಕಾಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರೆ, ಬ್ರಿಟಿಷರ ಒಪ್ಪಿಗೆ ಬಂದದ್ದು 1867ರಲ್ಲಿ. ಇತಿಹಾಸದ ಪುಸ್ತಕದಲ್ಲಿ ಹೆಣ್ಣುಮಗುವಿನ ದತ್ತಕ ಹುಡುಕಿದರೆ ಸಿಗುವುದು ಕಷ್ಟ. ಹಿಂದೂಗಳಲ್ಲಿ ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳಬಹುದೆಂದು ಕಾನೂನು ಸ್ಪಷ್ಟವಾಗಿ ಹೇಳಿದ್ದು 1956ರ ಕಾಯ್ದೆಯಲ್ಲಿ.

ಈಗ ಅನಾಥ ಅಥವಾ ಪರಿತ್ಯಕ್ತ ಮಗುವನ್ನು ದತ್ತು ಪಡೆಯುವುದು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ. ಕೇಂದ್ರ ಸರಕಾರದ ದತ್ತು ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಸಮಾಜ ಕಾರ್ಯಕರ್ತರು ಮನೆಗೆ ಬಂದು ವರದಿ ಬರೆಯುತ್ತಾರೆ: ಸಂಬಳವೆಷ್ಟು, ಆರೋಗ್ಯ ಹೇಗಿದೆ, ಮನೆಯಲ್ಲಿ ಯಾರ್ಯಾರಿದ್ದಾರೆ, ಯಾಕೆ ಮಗು ಬೇಕು. ವಯಸ್ಸಿನ ಲೆಕ್ಕವೂ ಇದೆ. ನಾಲ್ಕರಿಂದ ಎಂಟು ವರ್ಷದೊಳಗಿನ ಮಗುವಾದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿದರೆ ನೂರು ಮೀರಬಾರದು. ನೋಂದಣಿಯ ದಿನ ನಮ್ಮದು ತೊಂಬತ್ತೇಳು. ‘ಮೂರು ಮಾರ್ಕಿನಾಗ ಪಾಸಾದೆವು’ ಎಂದು ನನ್ನ ಹೆಂಡತಿ ನಕ್ಕಳು.

ಹೆತ್ತ ತಾಯಿ ಮಗುವನ್ನು ಒಪ್ಪಿಸಿದರೆ, ಮನಸ್ಸು ಬದಲಿಸಲು ಅವಳಿಗೆ ಅರವತ್ತು ದಿನ ಅವಕಾಶವಿದೆ. ಮಗು ಕಾನೂನಿನ ಪ್ರಕಾರ ದತ್ತಿಗೆ ಮುಕ್ತ ಎಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಿದ ಮೇಲೆಯೇ ಮುಂದಿನ ಮಾತು. ಕೊನೆಯ ಆದೇಶವನ್ನು ಮೊದಲು ನ್ಯಾಯಾಲಯ ಕೊಡುತ್ತಿತ್ತು. 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿ ಕೊಡುತ್ತಾರೆ. ಇದೆಲ್ಲ ತಡವಾಗುವ ದಾರಿ, ನಿಜ. ಆದರೆ ಪರಿಚಯದವರ ಮೂಲಕ ಆಸ್ಪತ್ರೆಯಿಂದಲೇ ಕೂಸನ್ನು ಕೈಗೆ ಕೊಡಿಸುವ ದಾರಿ ಅಪರಾಧದ ದಾರಿ. ಅದಕ್ಕೆ ಮೂರು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿ ದಂಡ, ಅಥವಾ ಎರಡೂ.

‘ಸರ್’ ಎಂಬ ಅಪ್ಪ

ನಮಗೆ ಒಬ್ಬ ಮಗನಿದ್ದಾನೆ, ಆಗ ಪದವಿ ಓದುತ್ತಿದ್ದ. ಮಗಳು ಬಂದದ್ದು ದಕ್ಷಿಣದ ಜಿಲ್ಲೆಯೊಂದರ ದತ್ತು ಕೇಂದ್ರದಿಂದ. ರಾತ್ರಿಯಿಡೀ ರೈಲಿನ ಪ್ರಯಾಣ. ಕಲಬುರ್ಗಿಯಿಂದ ಹುಮನಾಬಾದ ಮೇಲೆ ಬೀದರಕ್ಕೆ ಬರುವ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರಲ್ಲಿ. ಆ ಹೊಸ ಹಳಿಯ ಮೇಲೆ ಬೆಳಗಿನ ಜಾವ ಅವಳು ಕಿಟಕಿಗೆ ಮೂಗು ಒತ್ತಿ ಕುಳಿತಿದ್ದಳು. ‘ಇಲ್ಲಿ ಮಣ್ಣು ಯಾಕೆ ಹಿಂಗೆ ಕೆಂಪಗಿದೆ?’ ಎಂದು ಕೇಳಿದ್ದೇ ಅವಳು ನನಗೆ ಆಡಿದ ಮೊದಲ ಪೂರ್ತಿ ವಾಕ್ಯ. ವಿಜ್ಞಾನದ ಮಾಸ್ತರನಿಗೆ ಇದಕ್ಕಿಂತ ಒಳ್ಳೆಯ ಆರಂಭ ಬೇಕೆ? ಕಬ್ಬಿಣದ ತುಕ್ಕು ಎಂದೆ. ಅವಳು ನಂಬಲಿಲ್ಲ.

ಮೊದಲ ತಿಂಗಳು ಅವಳು ನನ್ನನ್ನು ಸರ್ ಎಂದೇ ಕರೆದಳು, ನನ್ನ ಹೆಂಡತಿಯನ್ನು ಮೇಡಂ ಎಂದು. ಕೇಂದ್ರದಲ್ಲಿ ದೊಡ್ಡವರೆಲ್ಲರೂ ಸರ್, ಮೇಡಂ. ನಾವು ತಿದ್ದಲು ಹೋಗಲಿಲ್ಲ. ನನ್ನ ಹೆಂಡತಿ ಬೇಗ ‘ಅವ್ವ’ ಆದಳು; ಎರಡು ವಾರ ಹಿಡಿಯಿತು ಅಷ್ಟೆ. ನನ್ನದು ಕಷ್ಟವಾಯಿತು, ಏಕೆಂದರೆ ನಮ್ಮ ಓಣಿಯಲ್ಲಿ ಎಲ್ಲರೂ ನನ್ನನ್ನು ಸರ್ ಎಂದೇ ಕರೆಯುತ್ತಾರೆ. ಹಾಲಿನವನು ಸರ್, ಕಿರಾಣಿ ಅಂಗಡಿಯವನು ಸರ್, ಎದುರು ಮನೆಯ ಆಯಿಯೂ ಸರ್. ಅದು ನನ್ನ ಹೆಸರೆಂದೇ ಅವಳು ತಿಳಿದಿದ್ದಳು.

ಇಲ್ಲಿನ ಊಟ ಅವಳಿಗೆ ಹೊಸದು. ಅನ್ನ ಸಾರಿನ ಕೂಸು ಜೋಳದ ರೊಟ್ಟಿಯನ್ನು ಅಂಗೈಯಲ್ಲಿ ಹಿಡಿದು ತಿರುಗಿಸಿ ನೋಡಿ ಕೆಳಗಿಟ್ಟಳು. ನಾಗರ ಪಂಚಮಿಯ ಹೊತ್ತಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಒಂದು ರೊಟ್ಟಿ ಮುಗಿಸುವಷ್ಟಾದಳು. ಮಾತೂ ಬದಲಾಯಿತು. ‘ಬೇಡ’ ಹೋಗಿ ‘ಬ್ಯಾಡ’ ಬಂತು. ಪಕ್ಕದ ಮನೆಯ ಉರ್ದು ಮಕ್ಕಳ ಜೊತೆ ಆಡಿ ‘ನಕ್ಕೋ’ ಕಲಿತಳು. ಮರಾಠಿ, ತೆಲುಗು, ದಖನಿ, ಕನ್ನಡ ನಾಲ್ಕೂ ಒಂದೇ ಓಣಿಯಲ್ಲಿ ಓಡಾಡುವ ಊರಿನಲ್ಲಿ ಮಗುವಿಗೆ ಯಾವುದೂ ಪರಭಾಷೆಯಲ್ಲ.

ವಿಮಾನಗಳಿಗೆ ಮಾತ್ರ ಬಹಳ ಹೆದರುತ್ತಿದ್ದಳು. ಬೀದರ ವಾಯುಪಡೆಯ ತರಬೇತಿ ಕೇಂದ್ರ. ಒಂಬತ್ತು ವಿಮಾನಗಳ ಸೂರ್ಯಕಿರಣ ತಂಡದ ನೆಲೆಯೂ ಇದೇ. ಸದ್ದು ಕೇಳಿದ ಕೂಡಲೇ ಎರಡೂ ಕಿವಿ ಮುಚ್ಚಿಕೊಂಡು ಓಡಿಹೋಗಿ ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದಳು. ಯಾರನ್ನೂ ಕರೆಯುತ್ತಿರಲಿಲ್ಲ. ಹೆದರಿದಾಗ ಯಾರ ಹತ್ತಿರವಾದರೂ ಓಡಬಹುದು ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ನಾನು ಅಂಗಳಕ್ಕೆ ಕರೆದುಕೊಂಡು ಬಂದು ತೋರಿಸುತ್ತಿದ್ದೆ: ನೋಡು, ಸದ್ದು ಬಂದ ಕಡೆ ವಿಮಾನ ಇಲ್ಲ, ಅದು ಮುಂದೆ ಹೋಗಿಬಿಟ್ಟಿದೆ, ಸದ್ದು ನಮ್ಮ ಕಿವಿಗೆ ಬರಲು ಹೊತ್ತು ಬೇಕು, ಒಂದು ಸೆಕೆಂಡಿಗೆ ಸುಮಾರು 340 ಮೀಟರು. ಸದ್ದು ಕೇಳಿದ ಮೇಲೆ ವಿಮಾನ ಎಲ್ಲಿದೆ ಎಂದು ಹುಡುಕುವುದೇ ಆಟವಾಯಿತು. ಅಕ್ಟೋಬರಿನ ಒಂದು ಬೆಳಿಗ್ಗೆ ನಾನು ಒಳಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಅಂಗಳದಿಂದ ಕೂಗು ಬಂತು: ‘ಅಪ್ಪಾ, ಬಾ ಲಗೂ, ಒಂಬತ್ತೂ ಬಂದಾವ!’ ಅರ್ಧ ಗಡ್ಡದಲ್ಲೇ ಹೊರಗೆ ಓಡಿದೆ. ಒಂಬತ್ತು ಇದ್ದವೋ ಇಲ್ಲವೋ, ನಾನು ಎಣಿಸಲಿಲ್ಲ.

ವಾಪಸ್ ಬರುತ್ತಾ?

ಅದಕ್ಕೂ ಮೊದಲು ಒಂದು ಸಂಜೆಯಿದೆ. 2023ರ ಆಗಸ್ಟ್ 23, ಸಂಜೆ ಆರು ಗಂಟೆ ನಾಲ್ಕು ನಿಮಿಷ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿಯಿತು. ಓಣಿಯ ಮಕ್ಕಳೆಲ್ಲ ನಮ್ಮ ಮನೆಯ ಟಿ.ವಿ. ಮುಂದೆ. ಚಪ್ಪಾಳೆ, ಕೇಕೆ ಮುಗಿದ ಮೇಲೆ ಮಗಳು ಕೇಳಿದಳು: ‘ಅದು ವಾಪಸ್ ಬರುತ್ತಾ?’

ಇಲ್ಲ, ಅಲ್ಲೇ ಇರುತ್ತದೆ, ಎಂದೆ.

‘ಯಾರೂ ವಾಪಸ್ ಕಳಿಸಲ್ವಾ?’

ಪ್ರಶ್ನೆ ಚಂದ್ರನದಲ್ಲ ಎಂದು ನನ್ನ ಹೆಂಡತಿಗೆ ನನಗಿಂತ ಮೊದಲು ಹೊಳೆಯಿತು. ಹತ್ತಿರ ಕೂರಿಸಿಕೊಂಡು, ‘ನಿನ್ನ ಯಾರೂ ಎಲ್ಲಿಗೂ ಕಳಸೂದಿಲ್ಲವ್ವ. ಇದು ನಿನ್ನ ಮನಿ’ ಎಂದಳು. ಒಂದು ಸಲ ಹೇಳಿದರೆ ಮುಗಿಯುವ ಮಾತಲ್ಲ ಅದು. ಗಣೇಶ ಚೌತಿಗೆ ಕೇಳಿದಳು, ದಸರೆಗೆ ಕೇಳಿದಳು, ಜ್ವರ ಬಂದಾಗ ಕೇಳಿದಳು. ಕೇಳಿದಷ್ಟು ಸಲವೂ ಅದೇ ಉತ್ತರ. ಐದು ವರ್ಷದ ಮಗು ಹೊಸ ಮನೆಗೆ ಬರುವಾಗ ಒಂದು ಪುಟ್ಟ ಬದುಕನ್ನು ಹಿಂದೆ ಬಿಟ್ಟು ಬಂದಿರುತ್ತದೆ. ಆ ಗೆಳತಿಯರು, ಆ ಆಯಾ, ಆ ಮಂಚ. ಅದರ ನೆನಪಿಗೆ ಅಳು ಬಂದರೆ ಅಳಬೇಕು. ‘ಇಲ್ಲಿ ಏನು ಕಡಿಮೆಯಾಗಿದೆ’ ಎಂದು ಕೇಳುವುದು ಸರಿಯಲ್ಲ.

ಜಿಲ್ಲಾಧಿಕಾರಿಗಳ ಆದೇಶ ಬಂದಾಗ ದೀಪಾವಳಿ ಹತ್ತಿರವಿತ್ತು. ಅದರ ಆಧಾರದ ಮೇಲೆ ನಮ್ಮಿಬ್ಬರ ಹೆಸರಿರುವ ಜನನ ಪ್ರಮಾಣಪತ್ರ ಬಂತು. ನಾವು ಮನೆಯವರೆಲ್ಲ ಹೋಳಿಗೆ ಮಾಡಿ ಉಂಡೆವು. ಅವಳಿಗೆ ಕಾಗದದ ವಿಷಯ ತಿಳಿಯಲಿಲ್ಲ, ಹೋಳಿಗೆ ತಿಳಿಯಿತು.

ನೀರು ಎಲ್ಲಿಂದ ಬಂತು?

ಡಿಸೆಂಬರಿನ ರಜೆಯ ಒಂದು ದಿನ ಅಣ್ಣ ತಂಗಿ ಇಬ್ಬರನ್ನೂ ಸುರಂಗ ಬಾವಿ ತೋರಿಸಲು ಕರೆದುಕೊಂಡು ಹೋದೆ. ಮೇಲೆ ಕಿಂಡಿಯ ಅಂಚಿನಿಂದ ದೂರ ನಿಂತು ಇಣುಕಿದೆವು. ‘ಈ ನೀರು ಎಲ್ಲಿಂದ ಬಂತು?’ ಎಂದಳು.

ಪಾಠ ಶುರುವಾಯಿತು. ಬೀದರ ನಿಂತಿರುವುದು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಜಂಬಿಟ್ಟಿಗೆ ಕಲ್ಲಿನ ಹಾಸಿನ ಮೇಲೆ. ಈ ಕೆಂಪು ಕಲ್ಲು ಸ್ಪಂಜಿನಂತೆ ತೂತು ತೂತು. ಅದರ ಕೆಳಗಿರುವುದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಗಟ್ಟಿಯಾದ ಕರಿಯ ಬಸಾಲ್ಟ್. ಮಳೆಯ ನೀರು ಕೆಂಪು ಕಲ್ಲಿನಲ್ಲಿ ಇಳಿದು, ಕರಿಕಲ್ಲು ತಡೆದಾಗ ಅಡ್ಡಕ್ಕೆ ಹರಿದು, ಎತ್ತರದ ನೆಲದ ಅಂಚಿನಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ಗುರುನಾನಕ ಝೀರಾ, ನರಸಿಂಹ ಝರಣಿ, ಪಾಪನಾಶ ಎಲ್ಲಕ್ಕೂ ಇದೇ ಕಾರಣ. ಬಿದ್ದದ್ದು ಎಲ್ಲೋ, ಹೊರಗೆ ಬಂದದ್ದು ಎಲ್ಲೋ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ನಾ ಎಲ್ಲಿಂದ ಬಂದೆ?’

ರೈಲಿನಲ್ಲಿ ಬಂದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಅವಳು ಕೇಳಿದ್ದು ಅದಲ್ಲ. ಈ ದಿನ ಬರುತ್ತದೆಂದು ಸಮಾಜ ಕಾರ್ಯಕರ್ತೆ ಮೊದಲೇ ಹೇಳಿದ್ದರು. ಸುಳ್ಳು ಹೇಳಬೇಡಿ, ಗೊತ್ತಿಲ್ಲದ್ದನ್ನು ಸೇರಿಸಬೇಡಿ ಎಂದಿದ್ದರು. ನಾನು ಹೇಳಿದೆ: ‘ನಿನಗ ಹಡದಾಕಿ ಒಬ್ಬ ತಾಯಿ ಇದ್ದಾಳ. ಆಕಿಗಿ ನಿನ್ನ ಸಾಕಲಿಕ್ಕೆ ಆಗಲಿಲ್ಲ. ಯಾಕ ಅಂತ ನಮಗೂ ಗೊತ್ತಿಲ್ಲ. ನೀ ಏನೂ ತಪ್ಪು ಮಾಡಿಲ್ಲ. ಆಮ್ಯಾಗ ನಾವು ನಿನ್ನ ಕರಕೊಂಡು ಬಂದೆವು.’

‘ಆಕಿ ಚಂದ ಇದ್ದಾಳ?’ ಎಂದಳು. ನಿನ್ನಂಗೇ ಇರಬೇಕು ಎಂದೆ. ಅಷ್ಟಕ್ಕೆ ಸಮಾಧಾನವಾಗಿ ಅಣ್ಣನ ಕೈ ಹಿಡಿದು ಮುಂದಿನ ಕಿಂಡಿಗೆ ಹೊರಟಳು. ಮುಂದೆ ದೊಡ್ಡವಳಾದ ಮೇಲೆ ಹೆಚ್ಚು ತಿಳಿಯಬೇಕೆನಿಸಿದರೆ, ಹದಿನೆಂಟು ತುಂಬಿದ ದತ್ತು ಮಕ್ಕಳು ತಮ್ಮ ಮೂಲದ ಮಾಹಿತಿ ಕೋರಿ ಅರ್ಜಿ ಹಾಕಲು ನಿಯಮದಲ್ಲಿ ಅವಕಾಶವಿದೆ. ಹೆತ್ತವಳ ಗುಟ್ಟನ್ನು ಕಾಪಾಡುವ ಕಟ್ಟಳೆಯೂ ಇದೆ. ಆ ದಿನ ಅವಳ ಜೊತೆ ನಾವೂ ಹೋಗುತ್ತೇವೆ.

ಭಾಲ್ಕಿಯ ಹೊಲ, ಔರಾದದ ಜಾತ್ರೆ

2024ರ ಜನವರಿ 11 ಎಳ್ಳಮಾವಾಸ್ಯೆ. ಬೀದರ ಕಲಬುರ್ಗಿ ಸೀಮೆಯಲ್ಲಿ ಆ ದಿನ ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ನನ್ನ ಹೆಂಡತಿಯ ತವರು ಭಾಲ್ಕಿ ತಾಲ್ಲೂಕು. ದಾರಿಯಲ್ಲಿ ಭಾಲ್ಕಿ ಹಿರೇಮಠಕ್ಕೆ ಹೋಗಿ ಬಂದೆವು. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಮಠ ಅದು. ಯಾರಿಗೂ ಬೇಡವಾದ ಕೂಸುಗಳಿಗೆ ಆಸರೆ ಕೊಟ್ಟದ್ದಕ್ಕೂ ಈ ಮಠಕ್ಕೆ ಜಿಲ್ಲೆಯಲ್ಲಿ ಹೆಸರಿದೆ.

ನಮ್ಮ ಅತ್ತೆಯವರಿಗೆ ಈ ದತ್ತಕ ಮೊದಲಿನಿಂದ ಮನಸ್ಸಿಗೆ ಬಂದಿರಲಿಲ್ಲ. ‘ಯಾರ ರಕ್ತನೋ ಏನೋ’ ಎಂದು ಫೋನಿನಲ್ಲಿ ಮಗಳಿಗೆ ಹೇಳಿದ್ದರು. ಏಳು ತಿಂಗಳು ಹುಡುಗಿಯನ್ನು ಹೆಸರು ಹಿಡಿದು ಕರೆದಿರಲಿಲ್ಲ. ಹೊಲದಲ್ಲಿ ಜೋಳದ ಕಣಿಕೆಯ ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರನ್ನು ಕೂರಿಸಿ ಪೂಜೆಯಾಯಿತು. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಚರಗ ಚೆಲ್ಲುವಾಗ ಮಾವ ಮುಂದೆ, ಮಕ್ಕಳು ಹಿಂದೆ. ನಮ್ಮ ಮಗಳು ಬುಟ್ಟಿ ಹೊರುತ್ತೇನೆಂದು ಹಟ ಹಿಡಿದು ಹೊತ್ತು, ಕಡಲೆ ಸಾಲಿನಲ್ಲಿ ಎಡವಿ ಬಿದ್ದಳು. ಮೊದಲು ಓಡಿದವರು ಅತ್ತೆಯವರು. ಎತ್ತಿಕೊಂಡು ಮೊಣಕಾಲಿನ ಮಣ್ಣು ಒರೆಸುವಾಗ ಪಕ್ಕದ ಹೊಲದವರು, ‘ಯಾರ ಕೂಸವ್ವ ಇದು?’ ಎಂದು ಕೇಳಿದರು. ‘ನನ್ನ ಮೊಮ್ಮಗಳು’ ಎಂದರು ಅತ್ತೆ. ಅಷ್ಟೇ. ಮುಂದೆ ಆ ವಿಷಯ ನಮ್ಮ ಮನೆಯಲ್ಲಿ ಬರಲೇ ಇಲ್ಲ. ಕಲೆಕ್ಟರರ ಆದೇಶಕ್ಕೂ ಇದಕ್ಕೂ ಎರಡು ತಿಂಗಳ ಅಂತರ. ನನ್ನ ಲೆಕ್ಕದಲ್ಲಿ ದತ್ತಕ ಪೂರ್ತಿಯಾದದ್ದು ಆ ಹೊಲದಲ್ಲಿ.

ಮಾರ್ಚಿನಲ್ಲಿ ಶಿವರಾತ್ರಿಯ ಹೊತ್ತಿಗೆ ಮಾಂಜ್ರಾ ನದಿ ದಾಟಿ ಔರಾದಕ್ಕೆ ಹೋದೆವು. ಅಮರೇಶ್ವರ ಜಾತ್ರೆಯ ದನಗಳಲ್ಲಿ ಈ ಸೀಮೆಯ ದೇವಣಿ ತಳಿಯದೇ ಚೆಲುವು: ಬಿಳಿಯ ಮೈ, ಕರಿಯ ಮಚ್ಚೆ, ಜೋಲು ಕಿವಿ. ಮಗಳು ಒಂದು ಕರುವಿನ ಕಿವಿ ಮುಟ್ಟಿ, ‘ಇದರವ್ವ ಯಾವುದು?’ ಎಂದು ಕೇಳಿ, ಹಸುವನ್ನು ತೋರಿಸಿದ ಮೇಲೆ ಎರಡರ ಮಚ್ಚೆ ಹೋಲಿಸಿ ನೋಡಿದಳು. ಸರಿಯಾಗಿ ಹೋಲಲಿಲ್ಲ. ನಕ್ಕಳು.

ಕಿವಿಯ ಹಾಲೆಯ ಪಾಠ

ಆ ವರ್ಷ ಶಾಲೆಯಲ್ಲಿ ನಡೆದ ಒಂದು ಸಂಗತಿ ಹೇಳಬೇಕು. ಇದು ಪೋಷಕರು ಓದಲೇಬೇಕಾದ ಭಾಗ. ಹತ್ತನೆಯ ತರಗತಿಯ ಅನುವಂಶೀಯತೆಯ ಪಾಠದಲ್ಲಿ ಒಂದು ಚಟುವಟಿಕೆಯಿದೆ. ಕಿವಿಯ ಹಾಲೆ ಅಂಟಿಕೊಂಡಿದೆಯೋ ಬಿಡಿಯಾಗಿದೆಯೋ ನೋಡಿ, ಮನೆಯಲ್ಲಿ ತಂದೆತಾಯಿಯ ಕಿವಿಯ ಜೊತೆ ಹೋಲಿಸಬೇಕು. ಆ ಸಲ ನಾವು ತರಗತಿಯ ಕಿವಿಗಳನ್ನಷ್ಟೇ ಎಣಿಸಿದೆವು. ಎಲ್ಲ ಮನೆಯ ಅಪ್ಪ ಅವ್ವ ಹೆತ್ತವರೇ ಆಗಿರಬೇಕಿಲ್ಲ ಎಂದು ಕಾರಣವನ್ನೂ ಹೇಳಿದೆ. ಜೊತೆಗೆ, ಈ ಹಾಲೆಯ ಗುಣ ಒಂದೇ ಜೀನಿನದಲ್ಲವೆಂದು, ನಲವತ್ತಕ್ಕೂ ಹೆಚ್ಚು ಕಡೆಯ ಜೀನುಗಳ ಪಾಲು ಅದರಲ್ಲಿದೆಯೆಂದು 2017ರ ದೊಡ್ಡ ಅಧ್ಯಯನವೊಂದು ತೋರಿಸಿದ್ದನ್ನೂ ಹೇಳಿದೆ. ಹೆತ್ತವರ ಮಕ್ಕಳೇ ಅವರನ್ನು ಹೋಲದಿರಬಹುದು.

ಗಂಟೆ ಹೊಡೆದ ಮೇಲೆ ಒಬ್ಬ ಹುಡುಗ ಹಿಂದೆ ಉಳಿದ. ‘ಸರ್, ನಾನೂ ದತ್ತಕದ ಮಗ. ಮನ್ಯಾಗ ನನಗ ಹೇಳಿಲ್ಲ. ನನಗ ಗೊತ್ತದ ಅಂಬೋದು ಅವರಿಗಿ ಗೊತ್ತಿಲ್ಲ’ ಎಂದ. ಮದುವೆಯೊಂದರಲ್ಲಿ ಯಾರೋ ನೆಂಟರು ಆಡಿದ ಮಾತು ಅವನ ಕಿವಿಗೆ ಬಿದ್ದು ಮೂರು ವರ್ಷವಾಗಿತ್ತು. ಮೂರು ವರ್ಷ ಆ ಮಗು ಅದನ್ನು ಒಬ್ಬನೇ ಹೊತ್ತುಕೊಂಡಿದ್ದ. ‘ಅವರಿಗಿ ಬೇಜಾರ ಆಗ್ತದಂತ ಕೇಳಿಲ್ಲ ಸರ್’ ಎಂದ.

ದತ್ತು ತಂದವರು ಮಗುವಿನ ಮೇಲಿನ ಪ್ರೀತಿಯಿಂದಲೇ ಗುಟ್ಟು ಮಾಡುತ್ತಾರೆ. ಆದರೆ ಊರಿಗೆಲ್ಲ ಗೊತ್ತಿರುವ ಗುಟ್ಟು ಮಗುವಿಗೆ ಮಾತ್ರ ಗೊತ್ತಿಲ್ಲದೆ ಎಷ್ಟು ದಿನ ಉಳಿದೀತು? ಹೊರಗಿನವರ ಬಾಯಿಂದ ಕೇಳಿದಾಗ ಅದು ಬೈಗುಳದಂತೆ ಕೇಳುತ್ತದೆ. ತಾಯಿಯ ಮಡಿಲಲ್ಲಿ ಕೇಳಿದಾಗ ತನ್ನದೇ ಕಥೆಯಂತೆ ಕೇಳುತ್ತದೆ. ಚಿಕ್ಕಂದಿನಿಂದ, ಸ್ವಲ್ಪ ಸ್ವಲ್ಪವಾಗಿ, ಮಗು ಕೇಳಿದಷ್ಟನ್ನು ಹೇಳುತ್ತ ಬಂದರೆ ಭಯಪಡುವ ದಿನವೇ ಬರುವುದಿಲ್ಲ. ವಿದ್ಯಾರ್ಥಿಗಳಿಗೂ ಒಂದು ಮಾತು: ಗೆಳೆಯ ಯಾರಾದರೂ ದತ್ತು ಮಗುವೆಂದು ತಿಳಿದರೆ, ‘ನಿನ್ನ ನಿಜವಾದ ಅಪ್ಪ ಅಮ್ಮ ಯಾರು?’ ಎಂದು ಕೇಳಬೇಡಿ. ಶಾಲೆಗೆ ಬುತ್ತಿ ಕಟ್ಟಿ ಕಳಿಸಿದವರೇ ನಿಜವಾದವರು.

ಮತ್ತೆ ಜೂನ್

ಮೇ ತಿಂಗಳಲ್ಲಿ ಕೆಳಗಿನ ಸಾಲಿನ ಮುಂದಿನ ಹಲ್ಲು ಬಿತ್ತು, ಇಪ್ಪತ್ತು ಹಾಲು ಹಲ್ಲುಗಳಲ್ಲಿ ಮೊದಲನೆಯದು. ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆದೆವು. ಬಾಗಿಲ ಚೌಕಟ್ಟಿನ ಮೇಲೆ ಹಾಕಿದ ಪೆನ್ಸಿಲ್ ಗೆರೆ ಬಂದ ದಿನ 103 ಸೆಂಟಿಮೀಟರು ಇದ್ದದ್ದು ವರ್ಷ ತುಂಬಿದ ದಿನ 112 ಆಗಿತ್ತು. ಈ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ ಆರೇಳು ಸೆಂಟಿಮೀಟರು ಬೆಳೆಯುತ್ತಾರೆ. ಸಂಸ್ಥೆಯಿಂದ ಮನೆಗೆ ಬಂದ ಮಕ್ಕಳು ಮೊದಲ ವರ್ಷಗಳಲ್ಲಿ ಹೀಗೆ ಬೇಗ ಬೇಗ ಬೆಳೆದು ಹಿಂದಿನ ಬಾಕಿ ತೀರಿಸಿಕೊಳ್ಳುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಊಟ ಒಂದೇ ಕಾರಣವಲ್ಲ ಎಂದೂ ಅವರೇ ಹೇಳುತ್ತಾರೆ.

ಜೂನಿನಲ್ಲಿ ಒಂದನೆಯ ತರಗತಿಗೆ ಹೆಸರು ಹಚ್ಚಿಸಿದೆವು. ಅರ್ಜಿಯಲ್ಲಿ ತಂದೆಯ ಹೆಸರು, ತಾಯಿಯ ಹೆಸರು, ಊರು ನೌಬಾದ. ಗುಮಾಸ್ತರು ಬರೆದುಕೊಂಡು ಸಹಿ ಹಾಕಿಸಿಕೊಂಡರು. ಐದು ನಿಮಿಷದ ಕೆಲಸ.

ಬೀದರದ ಹೆಮ್ಮೆಯೆಂದು ನಾವು ತೋರಿಸುವುದರಲ್ಲಿ ಎಷ್ಟೋ ಹೊರಗಿನಿಂದ ಬಂದದ್ದು. ಮದರಸಾ ಕಟ್ಟಿಸಿದ ಗವಾನ್ ಇರಾನಿನ ಗೀಲಾನಿನವನು. ಝೀರಾ ನೆನೆಯುವುದು ಪಂಜಾಬಿನಿಂದ ಬಂದ ಗುರುವನ್ನು. ಬಿದ್ರಿಯ ಕುಸುರಿ ಇರಾನಿನಿಂದ ಬಂತೆನ್ನುತ್ತಾರೆ. ಆದರೆ ಸತು ತಾಮ್ರದ ಆ ಹೂಜಿಗೆ ಕಪ್ಪು ಏರುವುದು ಬೀದರ ಕೋಟೆಯ ಮಣ್ಣಿನಲ್ಲಿ ಕುದಿಸಿದಾಗ. ಬೆಳ್ಳಿಯ ಎಳೆ ಎದ್ದು ಕಾಣುವುದೂ ಆಮೇಲೆಯೇ. ಯಾರೂ ಅದನ್ನು ಇರಾನಿನ ಪಾತ್ರೆ ಎನ್ನುವುದಿಲ್ಲ. ಅದರ ಹೆಸರಿನಲ್ಲೇ ನಮ್ಮ ಊರಿದೆ.

ಮಗು ಮನೆಗೆ ಬಂದಾಗಿನಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಬಂದು ಮಗು ಹೇಗಿದೆ ಎಂದು ವರದಿ ಬರೆಯಬೇಕು. ಮೊದಲ ವರದಿಗೆ ಬಂದಾಗ ಅವರು ಮಗಳನ್ನೇ ಕೇಳಿದರು, ಇಲ್ಲಿ ನಿನಗೆ ಏನು ಇಷ್ಟ ಎಂದು. ಅವಳು ರೊಟ್ಟಿ, ಅಣ್ಣ, ವಿಮಾನ ಎಂದು ಬೆರಳು ಮಡಿಸುತ್ತ ಹೋದಳು. ನನ್ನ ಸರದಿ ಬಂದದ್ದು ಏಳನೆಯದಾಗಿ.